ಟವಲು ಹಾಕಿ ಎದ್ದು ಹೋದೋನು

ಇದು ನಡೆದದ್ದು. ನನ್ನ ಬಲಗೈ ಐದು ಬೆರಳ ಮ್ಯಾಲೆ ಆಣೆ ಮಾಡಿ ಹೇಳ್ತೀನಿ. ಸುಳ್ಳಾದ್ರೆ ಈ ಬೆರಳು ನಾಳೆಯಿಂದ ಅನ್ನ ಕಲಸ್ದೆ ಇರ್ಲಿ.

ನಾನು ಪುಟ್ಟಮಾದಪ್ಪ. ದನದ ದಳ್ಳಾಳಿ. ಓದಿದ್ದು ಎರಡ್ನೇ ಕ್ಲಾಸು, ಅದೂ ಅರ್ಧ. ಅಂಕಿ ಬತ್ತದೆ, ಬಸ್ಸಿನ ನಂಬರು ಓದ್ತೀನಿ, ಅಷ್ಟು ಸಾಕು. ಎತ್ತಿನ ಹಲ್ಲು ನೋಡ್ದೆ, ಬರೀ ನಡಿಗೆ ನೋಡಿ ವಯಸ್ಸು ಹೇಳೋನು ಈ ಹೊಳೆಯಿಂದ ಆ ಬೆಟ್ಟದ ತನಕ ನಾನೊಬ್ನೇ. ಯಾರಾದ್ರೂ ಇದ್ರೆ ಕರಕಂಡು ಬನ್ನಿ.

ದನದ ಸಂತೇಲಿ ದರಾನ ಬಾಯಲ್ಲಿ ಹೇಳಲ್ಲ. ಇಬ್ರ ಕೈ ಮ್ಯಾಲೆ ಟವಲು ಹಾಕಂಡು, ಒಳಗೆ ಬೆರಳು ಹಿಡಿದು ಹೇಳೋದು. ಸುತ್ತ ನಿಂತೋರ್ಗೆ ಕಾಣಕೂಡದು. ಮಾತು ಮುಗಿದ ಮ್ಯಾಲೆ ಟವಲು ಎತ್ತಿ ಹೆಗಲಿಗೆ ಹಾಕಬೇಕು. ನಲವತ್ತೊಂದು ವರ್ಷ ಅಂಗೆ ವ್ಯಾಪಾರ ಮಾಡಿದೀನಿ. ಒಂದೇ ಒಂದು ಸಲ ಬೆರಳು ತಪ್ಪಿಲ್ಲ.

ಕಪಿಲೆ ದಂಡೇಲಿ ಒಂದು ಮಠ. ಅಲ್ಲಿ ಪಂಚಾಕ್ಷರಯ್ನೋರು ಅಂತ ಇದ್ರು, ಎಲ್ಲಾರೂ ಬುದ್ಧಿ ಅಂತ್ಲೇ ಕರೆಯೋರು. ಯಾವ್ದೋ ದೊಡ್ಡ ಆಫೀಸಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು, ಕೊನೆಗೆ ಎಲ್ಲಾ ಬುಟ್ಟು ಮಠ ಸೇರ್ದೋರು. ನಾಕೈದು ಜನಕ್ಕೆ ಪ್ರೋಗ್ರಾಮು ಬರಿಯೋದು ಕಲಿಸ್ತಿದ್ರು. ಫೀಸಿಲ್ಲ, ಬೈಗುಳ ಮಾತ್ರ.

ಶಿಷ್ಯರಲ್ಲಿ ಮುಂದಿದ್ದೋನು ಮರಿಸ್ವಾಮಿ. ಇಪ್ಪತ್ನಾಕು ವರ್ಷದೋನು. ಬುದ್ಧಿವಂತ. ಅದೇ ಅವನ ಕಾಯಿಲೆ.

ಮಠಕ್ಕೆ ಹರಕೆ ಎತ್ತು ಬತ್ತಿದ್ವು. ಹುಣ್ಣಿಮೆ ಮಾರ್ನೇ ದಿನ ಮಠದೋರು ಮಾರೋರು. ಮೊದ್ಲು ಅದೂ ನನ್ನ ಟವಲು ಕೆಳಗೇ ಆಯ್ತಿತ್ತು. ಆಮೇಲೆ ಒಂದಷ್ಟು ಜನ, ಮಾದಪ್ಪ ಒಬ್ಬರ ದರ ಇನ್ನೊಬ್ಬರಿಗೆ ಹೇಳ್ತಾನೆ ಅಂತ ಗುಲ್ಲೆಬ್ಬಿಸಿದ್ರು. ಹೊಟ್ಟೆಕಿಚ್ಚು. ಅಯ್ನೋರು ಜಗಳ ಬ್ಯಾಡ ಅಂತ ದರ ಹೇಳೋದನ್ನ ಟರ್ಮಿನಲ್ಲಿಗೆ ಹಾಕಿಸಿದ್ರು.

ಟರ್ಮಿನಲ್ ಅಂದ್ರೆ ಹಜಾರದಲ್ಲಿ ಒಂದು ಕಪ್ಪು ಪರದೆ, ಒಂದು ಕೀಬೋರ್ಡು. ಇಡೀ ಮಠಕ್ಕೆ ಅದೊಂದೇ. ಯಾರಿಗೆ ಕೆಲಸ ಅದೆಯೋ ಅವ್ರು ಸರದೀಲಿ ಕೂರೋದು.

ಪ್ರೋಗ್ರಾಮು ಬರೆದೋನು ಮರಿಸ್ವಾಮಿ. ಒಬ್ಬೊಬ್ರೇ ಹೋಗಿ ಕೂರಬೇಕು. ಮೊದ್ಲು ನಮ್ಮ ನಮ್ಮ ಗುಟ್ಟಿನ ನಂಬರು ಒತ್ತಬೇಕು. ಅದು ಪರದೇಲಿ ಕಾಣಲ್ಲ. ಆಮೇಲೆ ದರ ಒತ್ತಬೇಕು. ಅದು ಕಾಣ್ತದೆ. ಸರಿ ಅದಾ ನೋಡ್ಕಂಡು, ತಪ್ಪಿದ್ರೆ ಅಳಿಸಿ, ಎಂಟರ್ ಹೊಡೀಬೇಕು. ಕೊನೆಗೆ ಎಲ್ಲಾರ ದರ ಒಟ್ಟಿಗೆ ತೆಗೆದು ಓದೋದು. ಅಂಗೆ ಮೊದಲ್ನೇ ಮಾರಾಟ ಆ ಹುಣ್ಣಿಮೆ ಮಾರ್ನೇ ದಿನ.

ಒಂದು ಜೊತೆ ಹಳ್ಳಿಕಾರ್ ಎತ್ತು ಬಂದಿದ್ವು. ನಾನು ಮನಸಲ್ಲಿ ಮೂವತ್ತೆಂಟು ಸಾವಿರದ ನಾನೂರು ಅಂತ ಮಡಗಿದ್ದೆ. ಹೋಗಿ ಕೂತೆ. ಗುಟ್ಟಿನ ನಂಬರು ಒತ್ತಿದೆ, ಕಾಣ್ಲಿಲ್ಲ. ದರ ಒತ್ತಿದೆ, ಅದೂ ಕಾಣ್ಲಿಲ್ಲ. ನನಗಿಂತ ಮುಂಚೆ ಕೂತೆದ್ದೋರೂ ಏನೂ ಅಂದಿರ್ಲಿಲ್ಲ, ಇದೂ ಗುಟ್ಟೇ ಇರ್ಬೇಕು ಅಂದ್ಕಂಡೆ. ಟವಲು ಕೆಳಗೆ ಕಣ್ಣು ಎಲ್ಲಿ ಕೆಲಸ ಮಾಡ್ತದೆ? ಎಂಟರ್ ಹೊಡ್ದು ಎದ್ದೆ.

ಆ ಕೀಬೋರ್ಡಲ್ಲಿ ಮೂರರ ಮ್ಯಾಲೇ ಆರು.

ಅಯ್ನೋರು ಓದಿದ್ರು. ಎಲ್ಲಾರ್ಗಿಂತ ಜಾಸ್ತಿ ಪುಟ್ಟಮಾದಪ್ಪಂದು, ಅರವತ್ತೆಂಟು ಸಾವಿರದ ನಾನೂರು. ಎರಡ್ನೇದು ನಲವತ್ತು ಸಾವಿರದ ನೂರು.

ಹಜಾರದ ತುಂಬ ನಗು. ಮಾದಪ್ಪನ ಬೆರಳು ಮರಗಟ್ಟದೆ ಅಂದ ಒಬ್ಬ. ಮನೇಲಿ ಕೂತ್ಕಂಡು ಎಲೆ ಅಡಿಕೆ ಹಾಕೋ ವಯಸ್ಸು ಅಂದ ಇನ್ನೊಬ್ಬ. ದಳ್ಳಾಳಿಗೆ ಬೆರಳು ಹೋಯ್ತು ಅಂದ್ರೆ ಆಯ್ತು, ಇನ್ನು ಅವನ ಟವಲು ಕೆಳಗೆ ಯಾವನೂ ಕೈ ಇಡಲ್ಲ.

ಅಯ್ನೋರು ನನ್ನ ಮುಖ ನೋಡಿ ಇದೇ ದರಾನಾ ಅಂದ್ರು. ನಾನು ಹೂಂ ಅಂದೆ. ಇಲ್ಲ ಅಂದ್ರೆ ಬೆರಳು ತಪ್ತು ಅಂತ ನಾನೇ ಒಪ್ಕಂಡಂಗೆ.

ಅವ್ರು ಟರ್ಮಿನಲ್ ಮುಂದೆ ಹೋಗಿ ಕೂತು ಏನೋ ಒತ್ತಿದ್ರು. ಪರದೇಲಿ ಒಂದಕ್ಷರ ಇಲ್ಲ. ಇನ್ನೊಂದಷ್ಟು ಒತ್ತಿದ್ರು. ಇಲ್ಲ. ಅವರ ಕಿವಿ ಕೆಂಪಗಾಯ್ತು. ಮರಿಸ್ವಾಮಿನ ಕರೆದ್ರು.

ಬೆಳಿಗ್ಗೆ ಇದರ ಮುಂದೆ ಯಾರು ಕೂತಿದ್ದಿದ್ದು ಅಂತ ಕೇಳಿದ್ರು. ನಾನೇ ಬುದ್ಧಿ ಅಂದ. ಪರೀಕ್ಷೆ ಮಾಡ್ತಿದ್ನಂತೆ. ಗುಟ್ಟಿನ ನಂಬರು ಕೇಳೋ ಹೊತ್ಗೆ ಪ್ರಸಾದಕ್ಕೆ ಗಂಟೆ ಹೊಡೀತಂತೆ. ಕಂಟ್ರೋಲ್ ಸಿ ಒತ್ತಿ ಪ್ರೋಗ್ರಾಮು ಮುರಿದು ಊಟಕ್ಕೆ ಎದ್ದು ಹೋದ್ನಂತೆ.

"ಮುರಿದಾಗ ಅಕ್ಷರ ಕಾಣಿಸೋದನ್ನ ವಾಪಸ್ ಹಾಕಿದ್ಯಾ?"

ಮರಿಸ್ವಾಮಿ ತಲೆ ಕೆರಕಂಡ. ಪ್ರೋಗ್ರಾಮು ಪೂರ್ತಿ ಮುಗಿದ್ರೆ ತಾನೇ ವಾಪಸ್ ಹಾಕ್ತದೆ ಬುದ್ಧಿ, ಶುರುವಲ್ಲಿ ಎಂಗಿತ್ತು ಅಂತ ಬರ್ಕಂಡು ಕೊನೆಗೆ ಅಂಗೇ ಇಟ್ಟು ಹೋಯ್ತದೆ ಅಂದ.

"ಹೂಂ. ನೀನು ಪರದೇನ ಕುರುಡು ಮಾಡಿ ಎದ್ದೆ. ಮಾದಪ್ಪನೋರು ಕೂತಾಗ ಅದು ಕುರುಡು ಅಂತ್ಲೇ ಬರ್ಕಂಡು, ಕುರುಡಾಗೇ ವಾಪಸ್ ಕೊಡ್ತು."

ಆಗ ಗೊತ್ತಾಯ್ತು ನನಗೆ. ಕ್ವಾಪ ಬಂತು ನೋಡಿ. ಎದ್ದು ನಿಂತ್ಕಂಡು ಮರಿಸ್ವಾಮಿಗೂ ಅವರಪ್ಪಂಗೂ ಸೇರಿಸಿ ಬೈದೆ. ಎಲೆ ಅಡಿಕೆ ಉಗುಳು ಆಚೆ ತನಕ ಹಾರ್ತು.

ಅಯ್ನೋರು ಈ ಮಾರಾಟ ರದ್ದು ಅಂದ್ರು.

ನಾನು ಆಗಲ್ಲ ಅಂದೆ. ಬೆರಳು ಕೊಟ್ಟು ವಾಪಸ್ ತಗಂಡೋನು ಅನ್ನಿಸ್ಕಳಾಕಿಲ್ಲ ಅಂದೆ. ಅರವತ್ತೆಂಟು ಸಾವಿರದ ನಾನೂರು ಅಲ್ಲೇ ಎಣಿಸಿ ಮಡಗಿ, ಎತ್ತು ಹೊಡ್ಕಂಡು ಹೊಂಟೆ. ಮಠದಿಂದ್ಲೇ ಹುಲ್ಲೂ ತಗಂಡೆ, ರೊಕ್ಕ ಕೊಟ್ಟು.

ಹೋಗೋವಾಗ ಹಿಂದ್ಗಡೆ ಮರಿಸ್ವಾಮಿ ಮಾತು ಕೇಳಿಸ್ತು. ಇದೇನು ದೊಡ್ಡ ವಿಷಯ ಅಲ್ಲ ಬುದ್ಧಿ, ಎರಡು ಪದ ಹೊಡುದ್ರೆ ಪರದೆ ಸರಿ ಹೋಯ್ತದೆ ಅಂದ. ಕಣ್ಮುಚ್ಚಿ ಹೊಡ್ದು ತೋರಿಸ್ದ. ಪರದೇಲಿ ಅಕ್ಷರ ಬಂದ್ವಂತೆ.

"ನಿನಗೆ ಗೊತ್ತು," ಅಂದ್ರು ಅಯ್ನೋರು. "ಮಾದಪ್ಪನೋರ್ಗೆ ಗೊತ್ತಿತ್ತಾ?"

ಒಂಬತ್ತು ದಿನ ಆ ಎತ್ತು ಮೇಯಿಸ್ದೆ. ಹತ್ತನೇ ದಿನ ಮಾರ್ದೆ. ಎಷ್ಟಕ್ಕೆ ಅಂತ ಹೇಳಲ್ಲ. ಊರಲ್ಲಿ ನಾಕು ಸಾವಿರ ಲಾಭ ಅಂತ ಹೇಳಿದ್ದೆ, ಯಾರೂ ನಂಬ್ಲಿಲ್ಲ. ಎರಡು ಸಂತೆಗೆ ಹೋದೆ. ಇಬ್ರು ನನ್ನ ಟವಲು ನೋಡಿ ಪಕ್ಕಕ್ಕೆ ಸರಿದ್ರು. ಅಯ್ನೋರು ಪ್ರೋಗ್ರಾಮು ಸರಿ ಹೋಗೋಗಂಟ ಮಾರಾಟ ಇಲ್ಲ ಅಂದಿದ್ರು.

ನಾನು ದಿನಾ ಮಠದ ಜಗಲಿ ಮ್ಯಾಲೆ ಹೋಗಿ ಕೂರೋಕೆ ಶುರು ಮಾಡ್ದೆ. ತಪ್ಪು ನನ್ನ ಬೆರಳಿಂದಲ್ಲ ಅಂತ ಆ ಹಜಾರದಲ್ಲೇ ಸಾಬೀತಾಗ್ಬೇಕು. ಅಲ್ಲಿಗಂಟ ಏಳಲ್ಲ.

ಮೊದಲ್ನೇ ದಿನ ಮರಿಸ್ವಾಮಿ ಅಯ್ನೋರ ಹತ್ರ ಬಂದು, ನನ್ನಿಂದ ಅಂಥ ದೊಡ್ಡ ತಪ್ಪೇನಾಯ್ತು ಬುದ್ಧಿ, ಊಟಕ್ಕೆ ಎದ್ದೆ ಅಷ್ಟೇ ಅಂದ.

ಅಯ್ನೋರು ನನ್ನ ಟವಲು ಕೇಳಿ ಇಸ್ಕಂಡ್ರು. ಮರಿಸ್ವಾಮಿ ತಲೆ ಮ್ಯಾಲೆ ಮುಖ ಮುಚ್ಚೋ ಹಂಗೆ ಹೊದಿಸಿ ಗಂಟು ಹಾಕಿದ್ರು. ಕೈಗೊಂದು ಚೊಂಬು ಕೊಟ್ಟು, ಹೊಳೆಗೋಗಿ ನೀರು ತಗಂಡು ಬಾ ಅಂದ್ರು. ಗಂಟು ಬಿಚ್ಚಕೂಡದು.

ಹೋದ. ಮೆಟ್ಲು ಮ್ಯಾಲೆ ಜಾರಿದ ಸದ್ದು ನನಗೇ ಕೇಳಿಸ್ತು. ಮೈಯೆಲ್ಲ ನೆಂದು, ಮೊಣಕಾಲು ತರ್ಕಂಡು, ಚೊಂಬಲ್ಲಿ ಒಂದು ಗುಟುಕು ನೀರಿಲ್ದೆ ಬಂದು ನಿಂತ.

"ಯಾಕ್ಲಾ, ನಿಂಗೆ ನೀರು ತರೋಕೂ ಬರಲ್ವಾ?" ಅಂದ್ರು ಅಯ್ನೋರು.

"ಬತ್ತದೆ ಬುದ್ಧಿ. ಟವಲು ಹಾಕಿದ್ದು ನೀವು."

"ನಾನು ಊಟಕ್ಕೆ ಹೋಗಿದ್ದೆ," ಅಂದ್ರು ಅವ್ರು. ಎದ್ದು ಒಳಗೆ ಹೋದ್ರು.

ಟವಲು ಒಗೆದು ವಾಪಸ್ ಕೊಡು ಅಂತ ನಾನು ಹೇಳ್ದೆ. ಅದೇ ನಾನು ಮಾಡಿದ ತಪ್ಪು.

ಎರಡು ದಿನ ಬುಟ್ಟು ಬಂದ. ನಗ್ತಾ ಇದ್ದ. ಟವಲು ಒಗೆದು, ಇಸ್ತ್ರಿ ಮಾಡಿ, ನಾಕು ಮಡಿಕೆ ಮಾಡಿ ನನ್ನ ಬಲ ಹೆಗಲ ಮ್ಯಾಲೆ ಇಟ್ಟ. ಆಮೇಲೆ ಅಯ್ನೋರಿಗೆ ಹೇಳ್ದ, ಈಗ ನನ್ನ ಪ್ರೋಗ್ರಾಮು ಹೆಂಗೇ ಮುಗೀಲಿ ಬುದ್ಧಿ, ಮುಗಿಯೋವಾಗ ಟರ್ಮಿನಲ್ನ ಅಂಗಡಿಯಿಂದ ತಂದ ದಿನ ಎಂಗಿತ್ತೋ ಅಂಗೇ ಮಾಡಿ ಹೋಯ್ತದೆ, ಎಲ್ಲಾ ಹೊಸದರ ಥರ.

ಅಯ್ನೋರು ಹೋಗಿ ಕೂತ್ರು. ಏನೋ ಬರೆದ್ರು, ಒಂದಕ್ಷರ ತಪ್ಪಾಯ್ತು. ಅಳಿಸೋಕೆ ಹೋದ್ರು. ಅಳೀಲಿಲ್ಲ.

ಆ ಕೀಬೋರ್ಡಲ್ಲಿ ಅಳಿಸೋ ಕೀ ಮುರಿದು ಎರಡು ವರ್ಷ ಆಗಿತ್ತು. ಅಯ್ನೋರು ಅದರ ಕೆಲಸಾನ ಮೂಲೇಲಿದ್ದ ಇನ್ನೊಂದು ಕೀಗೆ ಒಪ್ಪಿಸಿದ್ರು. ಮಠದೋರಿಗೆಲ್ಲ ಅದೇ ಅಭ್ಯಾಸ. ಮರಿಸ್ವಾಮಿ ಪ್ರೋಗ್ರಾಮು ಅದನ್ನೂ ಒರೆಸಿ ಹಾಕಿತ್ತು.

ಅಯ್ನೋರು ಅವನ ಕಡೆ ತಿರುಗಲೇ ಇಲ್ಲ. ನನ್ನ ಕಡೆ ನೋಡಿ, ಮಾದಪ್ಪನೋರೆ, ಎಲೆ ಅಡಿಕೆ ಹಾಕ್ಕಳಿ ಅಂದ್ರು.

ನಾನು ಎಡ ಹೆಗಲಿಗೆ ಕೈ ಹಾಕ್ದೆ. ನನ್ನ ಟವಲು ಯಾವತ್ತೂ ಎಡಕ್ಕೇ ಇರೋದು. ಇರ್ಲಿಲ್ಲ. ಬಲಗಡೆ ಇಂದ ಎಳಕಂಡೆ. ಟವಲಿನ ತುದೀಲಿ ಯಾವಾಗ್ಲೂ ಒಂದು ಗಂಟು. ಆ ಗಂಟಲ್ಲೇ ಅಡಿಕೆ ಚೂರು, ಸುಣ್ಣದ ಡಬ್ಬಿ ಇರೋದು, ಇಪ್ಪತ್ತು ವರ್ಷದಿಂದ. ಗಂಟಿಲ್ಲ.

"ಗಂಟೆಲ್ಲೋ?"

ಮರಿಸ್ವಾಮಿ ಕೊಳೆ ಅಂತ ಬಿಚ್ಚಿ ಬಿಸಾಕ್ದೆ ತಾತ ಅಂದ. ಸುಣ್ಣದ ಡಬ್ಬಿ ಹೊಳೆಗೆ ಹೋಗಿತ್ತು. ಹಿತ್ತಾಳೆದು. ನಮ್ಮಪ್ಪಂದು.

ನಾನು ಎದ್ದು ಕೊರಳ ಪಟ್ಟಿ ಹಿಡ್ಕಂಡೆ. ನಿಂಗೆ ಯಾವನ್ಲಾ ತಾತ ಅಂದೆ. ನನ್ನ ಟವಲು ನನಗೆ ಎಂಗೆ ಬೇಕು ಅಂತ ನೀನು ಹೇಳ್ತೀಯಾ ಅಂದೆ. ಅಯ್ನೋರು ಬಿಡಿಸ್ಲಿಲ್ಲ. ಅವನಿಗೆ ಅಂದ್ರು:

"ಕೇಳಿಸ್ಕಂಡ್ಯಾ? ನಿನಗೆ ಚೆಂದ ಕಂಡಂಗೆ ಅಲ್ಲ. ಇಸ್ಕಂಡಾಗ ಎಂಗಿತ್ತೋ ಅಂಗೆ. ಗಂಟೂ ಸೇರಿ."

ಮರಿಸ್ವಾಮಿ ಮೂರು ದಿನ ಕಾಣ್ಲಿಲ್ಲ. ಬಂದಾಗ ನಗು ಇರ್ಲಿಲ್ಲ. ಕೈಯಲ್ಲಿ ಒಂದು ಸುಣ್ಣದ ಡಬ್ಬಿ ಇತ್ತು, ಪ್ಲಾಸ್ಟಿಕ್ಕಿಂದು. ನಾನು ಮುಟ್ಲಿಲ್ಲ.

ಈ ಸಲ ಸರಿಯಾಗಿ ಮಾಡೀನಿ ಬುದ್ಧಿ ಅಂದ. ಶುರುವಲ್ಲಿ ಪೂರ್ತಿ ಎಂಗದೆ ಅಂತ ಬರ್ಕತ್ತದೆ. ಆ ಬರಹದ ನಕಲಲ್ಲಿ ಅಕ್ಷರ ಕಾಣಿಸೋದೊಂದನ್ನೇ ಬದಲಾಯಿಸ್ತದೆ, ಮಿಕ್ಕಿದ್ದು ಮುಟ್ಟಲ್ಲ. ಮುಗಿದಾಗ ಮೊದಲಿನ ಬರಹ ನೋಡಿ ವಾಪಸ್ ಇಡ್ತದೆ. ಯಾರಾದ್ರೂ ಕಂಟ್ರೋಲ್ ಸಿ ಒತ್ತಿ ಮುರಿದ್ರೂ ಸಾಯೋಕೆ ಮುಂಚೆ ವಾಪಸ್ ಇಟ್ಟೇ ಸಾಯ್ತದೆ.

ಅಯ್ನೋರು ಕೂತು ನೋಡಿದ್ರು. ಮುಗಿಸಿದ್ರು, ಸರಿ ಇತ್ತು. ಮುರಿದ್ರು, ಸರಿ ಇತ್ತು. ಅಳಿಸೋ ಕೀನೂ ಸರಿ ಇತ್ತು. ನಾನೂ ಎದ್ದು ಹೊರಡೋಣ ಅಂತಿದ್ದೆ.

ಅಯ್ನೋರು, ಮರಿಸ್ವಾಮಿ, ಮಾದಪ್ಪನೋರ ಹತ್ರ ಕೂತು ಒಂದು ಹಸುವಿನ ವ್ಯಾಪಾರ ಮಾಡು ಅಂದ್ರು.

ಕೂತ. ಕೈ ಮ್ಯಾಲೆ ನನ್ನ ಟವಲು ಹಾಕ್ಕಂಡ. ನಾನು ಬೆರಳು ಹಿಡ್ದೆ. ಕೈ ಮೆತ್ತಗೆ, ನೀರಲ್ಲಿ ನೆನೆಸಿದ ಹುರುಳಿ ಇದ್ದಂಗೆ. ಅರ್ಧ ಮಾತಾಗಿತ್ತು. ಅಯ್ನೋರು ಒಳಗಿಂದ ಮರಿಸ್ವಾಮಿ ಬಾ ಇಲ್ಲಿ ಅಂತ ಕೂಗಿದ್ರು. ಅವನು ಬಂದೆ ಬುದ್ಧಿ ಅಂತ ಎದ್ದು ಓಡ್ದ. ಟವಲು ನನ್ನ ಕೈ ಮ್ಯಾಲೇ ಬಿಟ್ಟು.

ಅಷ್ಟರಲ್ಲಿ ಸಂತೆಗೆ ಹೊರಟಿದ್ದ ಇಬ್ರು ಜಗಲಿ ಮುಂದೆ ಹಾದು ಹೋದ್ರು. ಮಾದಪ್ಪ ಒಬ್ನೇ ಕೂತ್ಕಂಡು ಟವಲು ಕೆಳಗೆ ತನ್ನ ಕೈ ತಾನೇ ಹಿಡ್ಕಂಡು ವ್ಯಾಪಾರ ಮಾಡ್ತವ್ನೆ ಅಂತ ನಗಾಡ್ಕಂಡು ಹೋದ್ರು. ನನಗೆ ಮೈಯೆಲ್ಲ ಉರೀತು. ಟವಲು ಕಿತ್ತು ಹೆಗಲಿಗೆ ಹಾಕ್ಕಂಡೆ.

ಮರಿಸ್ವಾಮಿ ವಾಪಸ್ ಬಂದು, ಟವಲು ಕೈ ಮ್ಯಾಲೇ ಇರ್ಬೇಕು ಅಂತ ನೋಡ್ದೇ ಕೈ ಚಾಚಿ ಬೆರಳು ಹಿಡ್ದ. ಬಟಾಬಯಲಲ್ಲಿ. ದರ ಎಲ್ಲಾರ್ಗೂ ಕಾಣೋ ಹಂಗೆ. ಕೈ ಮ್ಯಾಲೆ ಒಂದೇಟು ಬಾರಿಸ್ದೆ.

ಅಯ್ನೋರು ಬಾಗಿಲಲ್ಲೇ ನಿಂತಿದ್ರು.

"ಕಂಟ್ರೋಲ್ ಝಡ್ ಒತ್ತಿ ನೋಡಿದ್ಯಾ?"

ಅವನ ಮುಖ ಬಿಳಚ್ಕಂಡ್ತು. ಅದೇನು ಅಂತ ನನಗೆ ಅವನೇ ಆಮೇಲೆ ಹೇಳ್ದ. ಪ್ರೋಗ್ರಾಮು ಮುಗಿಸೋದಲ್ಲ, ಮುರಿಯೋದೂ ಅಲ್ಲ. ಮಧ್ಯದಲ್ಲಿ ನಿಲ್ಲಿಸಿ ಬೇರೆ ಕೆಲಸಕ್ಕೆ ಎದ್ದು ಹೋಗಿ, ಆಮೇಲೆ ಬಂದು ಅಲ್ಲಿಂದ್ಲೇ ಮುಂದುವರ್ಸೋದು. ಅವನು ಅದನ್ನ ನೆನಸೇ ಇರ್ಲಿಲ್ಲ. ಗುಟ್ಟಿನ ನಂಬರು ಒತ್ತೋ ಹೊತ್ನಲ್ಲಿ ಯಾರಾದ್ರೂ ಅಂಗೆ ನಿಲ್ಲಿಸಿ ಎದ್ರೆ ಪರದೆ ಮತ್ತೆ ಕುರುಡು.

ಅಂದ್ರೆ ಎದ್ದು ಹೋಗೋವಾಗ ಟವಲು ತೆಗೆದು ಹೋಗ್ಬೇಕು, ಬಂದ ಮ್ಯಾಲೆ ತಿರ್ಗಾ ಹಾಕ್ಬೇಕು ಅಂದ ಮರಿಸ್ವಾಮಿ.

"ಬಂದ ಮ್ಯಾಲೆ ಮೊದ್ಲು?"

ಮರಿಸ್ವಾಮಿ ನನ್ನ ಹೆಗಲು ನೋಡ್ದ. ಕೆಂಪಗಾದ ತನ್ನ ಕೈ ನೋಡ್ದ. ಮೊದ್ಲು ಕಣ್ಣು ಬಿಟ್ಟು ನೋಡ್ಬೇಕು ಬುದ್ಧಿ ಅಂದ. ನಾನಿಲ್ದಾಗ ಬೇರೆಯೋರು ಏನಾದ್ರೂ ಬದಲಾಯ್ಸಿರ್ತಾರೆ. ಹಳೇ ಬರಹ ನಂಬ್ಕಂಡು ಕೂರಕೂಡದು.

"ಹಾಕಿದ ಮ್ಯಾಲೆ?"

ಅದಕ್ಕೆ ನಾನೇ ಹೇಳ್ದೆ. ಟವಲು ಹಾಕಿದ ಮ್ಯಾಲೆ ಮೂಲೆ ಎಳೆದು ನೋಡ್ಬೇಕು ಕಣೋ, ಗಾಳಿಗೆ ಒಂದು ಕಡೆ ಎದ್ದಿರ್ತದೆ, ಹಾಕ್ದೆ ಅಂದ್ಕಂಡ ಮಾತ್ರಕ್ಕೆ ಮುಚ್ಚಕ್ಕಿಲ್ಲ ಅಂತ. ಅಯ್ನೋರು ತಲೆ ಆಡಿಸಿದ್ರು. ಎರಡ್ನೇ ಕ್ಲಾಸು, ನೆನಪಿರ್ಲಿ.

ಹುಣ್ಣಿಮೆಗೆ ಎರಡು ದಿನ ಇರೋವಾಗ ಅವನು ಎಲ್ಲಾ ಮುಗಿಸಿ ತಂದ. ಗುಟ್ಟಿನ ನಂಬರು ಮುಚ್ಚೋದು ಮೊದ್ಲು ಎರಡು ಸಾಲಿತ್ತಂತೆ. ಈಗ ನಲವತ್ತಾಗಿತ್ತು. ಅಯ್ನೋರು ಒಂದು ಗಂಟೆ ಅದನ್ನ ಕಾಡಿಸಿದ್ರು. ಮುಗಿಸಿ, ಮುರಿದು, ನಿಲ್ಲಿಸಿ, ಮಧ್ಯದಲ್ಲಿ ಅಳಿಸೋ ಕೀ ಬದಲಾಯ್ಸಿ, ವಾಪಸ್ ಬಂದು. ಪ್ರತಿ ಸಲವೂ ಪರದೆ ಇದ್ದಂಗೆ ಇತ್ತು.

ಮರಿಸ್ವಾಮಿ ಸುಮ್ಕಿರ್ಲಿಲ್ಲ. ಅವನಿಗೇ ಒಂದು ಸಂಶಯ ಉಳಿದಿತ್ತು. ಪ್ರೋಗ್ರಾಮಿಗೆ ಹೇಳ್ದೆ ಕೇಳ್ದೆ ಒಂದೇ ಏಟಿಗೆ ಕೊಂದ್ಬುಡೋ ದಾರಿನೂ ಅದೆಯಂತೆ. ಅದಕ್ಕೆ ಬಾಯಿ ಬಿಡೋಕೂ ಟೈಮ್ ಇರಲ್ಲ.

"ಆಗ ಟವಲು ಯಾರು ತೆಗೀತಾರೆ ಬುದ್ಧಿ?"

ಅಯ್ನೋರು ಸೀಮೆಸುಣ್ಣ ತಗಂಡು, ಆವತ್ತು ಮರಿಸ್ವಾಮಿ ಕಣ್ಮುಚ್ಚಿ ಹೊಡ್ದಿದ್ದ ಎರಡು ಪದಾನ ಟರ್ಮಿನಲ್ ಮ್ಯಾಲಿನ ಗೋಡೇಲಿ ಬರೆದ್ರು. ಇಂಗ್ಲಿಷು. ಒಂದೊಂದು ಅಕ್ಷರ ಅಂಗೈ ಅಗಲ. ಆಮೇಲೆ ಮರಿಸ್ವಾಮಿ ಕೈಲೇ ಪ್ರೋಗ್ರಾಮು ಅಂಗೆ ಕೊಲ್ಲಿಸಿದ್ರು. ಪರದೆ ಕುರುಡಾಯ್ತು.

"ಮಾದಪ್ಪನೋರೆ, ಬನ್ನಿ ಕೂರಿ."

ಹಜಾರದಲ್ಲಿ ಎಂಟತ್ತು ಜನ ಇದ್ರು. ಆವತ್ತು ನಕ್ಕಿದ್ದೋರೂ ಇದ್ರು. ನನಗೆ ಇಂಗ್ಲಿಷು ಬರಲ್ಲ ಅಂತ ಅವ್ರಿಗೆಲ್ಲ ಗೊತ್ತು.

ಕೂತೆ. ಗೋಡೆ ಮ್ಯಾಲಿನ ಅಕ್ಷರ ನೋಡ್ದೆ, ಕೀ ಮ್ಯಾಲೆ ಅದರಂಥದ್ದೇ ಚಿತ್ರ ಹುಡುಕ್ದೆ. ಗೋಡೇಲಿ ಸಣ್ಣಕ್ಷರ, ಕೀ ಮ್ಯಾಲೆ ದೊಡ್ಡಕ್ಷರ, ಹೊಂದದೆ ಇದ್ದ ಎರಡು ಕಡೆ ಮರಿಸ್ವಾಮಿ ಬೆರಳು ತೋರಿಸ್ದ. ಒಂದೊಂದೇ ಒತ್ತಿದೆ. ಪರದೇಲಿ ಏನೂ ಇಲ್ಲ. ಬರೀ ಬೆರಳು. ಎಂಟರ್ ಹೊಡ್ದೆ.

ಆಮೇಲೆ ಅಂಕಿ ಒತ್ತಿದೆ. ಮೂರು. ಎಂಟು. ನಾಕು. ಸೊನ್ನೆ. ಸೊನ್ನೆ.

ಎಲ್ಲಾ ಕಂಡ್ವು. ಹಸುರಗೆ.

ಯಾವನೂ ನಗ್ಲಿಲ್ಲ. ಮರಗಟ್ಟದೆ ಅಂದಿದ್ದೋನು ಹೊರಗೋಗಿ ಬೀಡಿ ಹಚ್ಕಂಡ.

ಮರಿಸ್ವಾಮಿ ಅಯ್ನೋರ ಹತ್ರ ಬಗ್ಗಿ ಕೇಳ್ದ. ಮುಂದೆ ಯಾವನೋ ಶಿಷ್ಯ ಬಂದು ಈ ಪ್ರೋಗ್ರಾಮು ತೆಗೆದು ನೋಡ್ತಾನೆ, ಒಂದು ನಂಬರು ಮುಚ್ಚೋಕೆ ನಲವತ್ತು ಸಾಲು ಯಾಕೆ, ಎರಡು ಸಾಕು ಅಂತ ಕಿತ್ತಾಕ್ತಾನೆ. ನಾನಾಗಿದ್ರೂ ಕಿತ್ತಾಕ್ತಿದ್ದೆ. ಅದಕ್ಕೇ ಮ್ಯಾಲ್ಗಡೆ ಮೊದಲ್ನೇ ಸಾಲಲ್ಲಿ ಕಾರಣ ಬರೀಬೇಕು.

"ಕಾರಣ ಅಂತ ಏನು ಬರೀಲಿ ಬುದ್ಧಿ?"

ಅಯ್ನೋರು ನನ್ನ ಕಡೆ ತಿರುಗಿದ್ರು. ನನ್ನ ಎತ್ತು ಕೊಂಡೋನು ಹೋದ ವಾರ ಅವಕ್ಕೆ ವಿಭೂತಿ ಹಚ್ಚಿಸೋಕೆ ಮಠಕ್ಕೆ ಬಂದಿದ್ನಂತೆ. ಎಷ್ಟು ಕೊಟ್ಟೆ ಅಂತ ಅವನೇ ಹೇಳಿದ್ನಂತೆ. ಹುಲ್ಲಿನ ರೊಕ್ಕ ಎಂಗಿದ್ರೂ ಮಠದಲ್ಲೇ ಕಟ್ಟಿದ್ದೆ.

ನಾನು ಬ್ಯಾಡಿ ಬುದ್ಧಿ ಅಂದೆ. ಊರಲ್ಲಿ ನಾಕು ಸಾವಿರ ಲಾಭ ಅಂತ ಹೇಳ್ಬುಟ್ಟಿದೀನಿ ಅಂದೆ.

"ಬೆರಳು ಉಳೀಬೇಕಾ, ನಾಕು ಸಾವಿರ ಉಳೀಬೇಕಾ?"

ನಾನು ಟವಲು ಎಡ ಹೆಗಲಿಂದ ತೆಗೆದೆ. ಕೊಡವಿ ತಿರ್ಗಾ ಎಡ ಹೆಗಲಿಗೇ ಹಾಕ್ಕಂಡೆ. ಹಾಳಾಗೋಗ್ಲಿ, ಬರ್ಕಳಿ ಅಂದೆ.

ಮರಿಸ್ವಾಮಿ ಕೀಬೋರ್ಡ್ ಮ್ಯಾಲೆ ಕೈ ಇಟ್ಕಂಡು ಕಾಯ್ತಾ ಇದ್ದ. ಅಯ್ನೋರು ಒಂದೊಂದೇ ಮಾತು ಬಿಡಿಸಿ ಹೇಳಿದ್ರು.

"ಬರಿ. ಟವಲು ಹಾಕಿ ಊಟಕ್ಕೆ ಎದ್ದಿದ್ದು ಮರಿಸ್ವಾಮಿ. ಎತ್ತಿಂದು, ಹುಲ್ಲಿಂದು ಎಲ್ಲಾ ಸೇರಿ ಪುಟ್ಟಮಾದಪ್ಪನೋರು ಕಳಕಂಡಿದ್ದು, ಇಪ್ಪತ್ತೊಂಬತ್ತು ಸಾವಿರದ ಇನ್ನೂರ ಎಂಬತ್ತು ರೂಪಾಯಿ."